ಜಾಗದ ಬ್ರೋಕರ್‌ಗೆ ಕೋಟು ಬೂಟು ಬೇಕಾ? ಮೊದಲ ಭೇಟಿಗೆ ಹೇಗೆ ಹೋಗಬೇಕು?

ಕುಂಬಳೆ_ಹೊಸಬ:
ಕೇರಳದ ಕಾಸರಗೋಡು ಜಿಲ್ಲೆಯ ಕುಂಬಳೆ, ಸೀತಾಂಗೋಳಿ, ಬದಿಯಡ್ಕ ಕಡೆ ಜಾಗ ಮತ್ತು ಮನೆ ಮಾರಾಟದ ಕೆಲಸ ಶುರು ಮಾಡುವವ ನಾನು. ಯೂಟ್ಯೂಬ್‌ನಲ್ಲಿ ಹೇಳಿಕೊಡುವವರೆಲ್ಲ ಬ್ಲೇಜರ್, ಟೈ, ಪಾಲಿಶ್ ಮಾಡಿದ ಶೂ ಅಂತಾರೆ. ಇಲ್ಲಿಯ ಹಳೆ ಬ್ರೋಕರ್‌ಗಳು ಬಿಳಿ ಮುಂಡು (ಪಂಚೆ) ಉಟ್ಟು, ಕಂಕುಳಲ್ಲಿ ಒಂದು ಬ್ಯಾಗ್ ಇಟ್ಟುಕೊಂಡೇ ವ್ಯಾಪಾರ ಮುಗಿಸ್ತಾರೆ. ಬರುವ ಪಾರ್ಟಿಗಳಲ್ಲಿ ಗಲ್ಫ್‌ನವರು ಉಂಟು, ಮಂಗಳೂರು ಬೆಂಗಳೂರಿನವರೂ ಉಂಟು. ಮೊದಲ ನೋಟ ಅಷ್ಟು ಮುಖ್ಯವಾ? ಹೌದಾದರೆ ಏನು ಹಾಕಬೇಕು, ಕೈಯಲ್ಲಿ ಏನಿರಬೇಕು? ಕೆಲಸ ಗೊತ್ತಿದ್ದವರು ಸ್ವಲ್ಪ ಬಿಡಿಸಿ ಹೇಳಿ.

ಮುರಕಲ್ಲು:
ಬ್ಲೇಜರ್ ಬಿಡಿ ಮಾರಾಯ್ರೆ. ಎಪ್ರಿಲ್ ಸೆಕೆಗೆ ಹತ್ತು ನಿಮಿಷದಲ್ಲಿ ಬೆನ್ನು ಒದ್ದೆ. ಹಣೆ ಒರೆಸಿಕೊಳ್ತಾ ರೇಟು ಹೇಳುವವನನ್ನು ಕಂಡರೆ ಎಂತದೋ ಮುಚ್ಚಿಡ್ತಾ ಇದ್ದಾನೆ ಅಂತಲೇ ಅನಿಸುವುದು. ಅದಕ್ಕಿಂತ ದೊಡ್ಡ ತೊಂದರೆ ಜಾಗ ಕೊಡುವವರ ಕಡೆಯಿಂದ. ಹಳ್ಳಿ ಮನೆಯ ಜಗಲಿಗೆ ಕೋಟು ಹಾಕಿ ಹೋದರೆ "ಇವನ ಠೀವಿಯ ಖರ್ಚೆಲ್ಲ ನಮ್ಮ ಜಾಗದ ರೇಟಿನ ಮೇಲೆ ಬೀಳ್ತದೆ" ಅಂತ ಮನೆಯವರು ಮೊದಲೇ ಲೆಕ್ಕ ಹಾಕ್ತಾರೆ. ನನ್ನ ಪ್ರಕಾರ ನಮ್ಮ ಊರಲ್ಲಿ ಕಡಿಮೆ ಡ್ರೆಸ್ ಮಾಡಿದ್ದಕ್ಕಿಂತ ಜಾಸ್ತಿ ಮಾಡಿದ್ದೇ ಹೆಚ್ಚು ನಷ್ಟ.

ನಡೆಯುವುದು ಇದು: ಇಸ್ತ್ರಿ ಮಾಡಿದ ಹತ್ತಿಯ ಫುಲ್ ಕೈ ಶರ್ಟ್, ತಿಳಿ ನೀಲಿಯೋ ಸಣ್ಣ ಚೌಕುಳಿಯೋ, ಜೊತೆಗೆ ಗಾಢ ಬಣ್ಣದ ಪ್ಯಾಂಟ್. ಬಲ್ಲೆ (ಪೊದೆ) ನುಗ್ಗುವಾಗ ಮುಳ್ಳು, ಸೊಳ್ಳೆಗೂ ಫುಲ್ ಕೈಯೇ ಆಗಬೇಕು. ಅಪ್ಪಟ ಬಿಳಿ ಬೇಡ, ಮುರಕಲ್ಲಿನ (ಜಂಬಿಟ್ಟಿಗೆಯ) ಕೆಂಪು ಧೂಳು ಮೊದಲ ಜಾಗದಲ್ಲೇ ಹಿಡಿಯುತ್ತದೆ, ಎರಡನೇ ಪಾರ್ಟಿಯ ಎದುರು ಹೋಗುವಾಗ ಅವಸ್ಥೆ. ಕೆಸರು ಹಾರಿದರೆ ಒದ್ದೆ ಇರುವಾಗ ಉಜ್ಜಬಾರದು, ಒಣಗಿದ ಮೇಲೆ ಬ್ರಷ್‌ನಲ್ಲಿ ಕೊಡವಿ ತೊಳೆಯುವುದು. ಕಲೆ ಉಳಿದರೆ ಬ್ಲೀಚ್ ಹಾಕಬೇಡಿ. ಅದು ಕಬ್ಬಿಣದ ಅಂಶದ ಕಲೆ, ಬ್ಲೀಚ್‌ಗೆ ಇನ್ನೂ ಗಟ್ಟಿಯಾಗ್ತದೆ. ಲಿಂಬೆರಸ ಮತ್ತು ಉಪ್ಪು ಹಚ್ಚಿ ನೋಡಿ.

ಮುಂಡು ಉಡುವುದಾದರೆ ಧೈರ್ಯವಾಗಿ ಉಡಿ, ಅದೂ ಪೂರ್ಣ ಗೌರವದ ಉಡುಪೇ. ಗಂಜಿ ಹಾಕಿ ಇಸ್ತ್ರಿ ಆಗಿರಬೇಕು, ಅಷ್ಟೆ. ಒಂದು ಮಾತ್ರ ಮರೀಬೇಡಿ: ಜಾಗದಲ್ಲಿ ನಡೆಯುವಾಗ ಮಡಚಿ ಕಟ್ಟಬಹುದು, ಅಂಗಳಕ್ಕೆ ಕಾಲಿಡುವಾಗ ಅಥವಾ ಹಿರಿಯರು ಎದುರು ಬಂದಾಗ ಕೆಳಗೆ ಬಿಡಬೇಕು. ಮಡಚಿ ಕಟ್ಟಿದ ಮುಂಡಿನಲ್ಲಿ ನಿಂತು ಯಜಮಾನರ ಹತ್ತಿರ ರೇಟು ಕೇಳಿದರೆ ಆ ಮನೆಯ ಬಾಗಿಲು ಅಲ್ಲಿಗೇ ಮುಚ್ಚಿತು ಅಂತ ತಿಳಿಯಿರಿ.

ಕಾಲಿಗೆ ಲೇಸ್ ಶೂ ಬೇಡ. ಪ್ರತಿ ಮನೆಯಲ್ಲೂ ಕಳಚಬೇಕು, ಮೆಟ್ಟಿಲಲ್ಲಿ ಬಗ್ಗಿ ಗಂಟು ಬಿಡಿಸ್ತಾ ಇರುವಾಗ ಮನೆಯವರು ನಿಂತು ಕಾಯ್ತಾರೆ, ಸಾಕ್ಸ್‌ನ ತೂತೂ ಆಗಲೇ ಕಾಣುವುದು. ಸುಲಭದಲ್ಲಿ ಕಳಚುವ, ಹಿಡಿತದ ರಬ್ಬರ್ ಅಡಿಯ ಚಪ್ಪಲಿ ಅಥವಾ ಶೂ ಇರಲಿ. ಮಳೆಗಾಲದಲ್ಲಿ ಮುರಕಲ್ಲ ಮೆಟ್ಟಿಲ ಮೇಲೆ ಪಾಚಿ ಕಟ್ಟಿರ್ತದೆ, ಚರ್ಮದ ಅಡಿ ಜಾರುತ್ತದೆ. ಗಾಡಿಯಲ್ಲಿ ಇನ್ನೊಂದು ಜತೆ ಚಪ್ಪಲಿ, ಒಂದು ಶರ್ಟ್, ಎರಡು ದೊಡ್ಡ ಕೊಡೆ, ಪಾರ್ಟಿಯವರಿಗೆ ಕಾಲು ಒರೆಸಲು ಹಳೆ ಟವೆಲ್. ಗಾಜು ಏರಿಸಿದ ಕಾರಿನಲ್ಲಿ ಘಾಟು ಅತ್ತರೂ ಬೇಡ, ಎಲೆಅಡಿಕೆ ವಾಸನೆಯೂ ಬೇಡ.

ಅಡಿಕೆತೋಟ:
ಬಟ್ಟೆಯ ವಿಷಯ ಸರಿ. ಆದರೆ ಗಲ್ಫ್ ಪಾರ್ಟಿ ನಿಮ್ಮ ಶರ್ಟ್ ನೋಡುವುದು ಆಮೇಲೆ. ಅವರ ಮೊದಲ ನೋಟ ವಾಟ್ಸಾಪ್‌ನಲ್ಲೇ ಆಗಿ ಹೋಗಿರ್ತದೆ.

ಮೊದಲ ನೋಟ ಮುಖ್ಯವಾ ಅಂತ ಕೇಳಿದ್ದೀರಿ. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಜಾನಿನ್ ವಿಲ್ಲಿಸ್ ಮತ್ತು ಅಲೆಕ್ಸಾಂಡರ್ ಟೊಡೊರೊವ್ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಪರಿಚಿತರ ಮುಖದ ಫೋಟೋವನ್ನು ಸೆಕೆಂಡಿನ ಹತ್ತನೇ ಒಂದು ಭಾಗ ಮಾತ್ರ ತೋರಿಸಿದ್ದರು. ನಂಬಬಹುದಾ ಇಲ್ಲವಾ ಅಂತ ಜನ ಅಷ್ಟರಲ್ಲೇ ತೀರ್ಮಾನಿಸಿದ್ದರು. ಹೆಚ್ಚು ಹೊತ್ತು ತೋರಿಸಿದಾಗ ತೀರ್ಮಾನ ಅಷ್ಟಾಗಿ ಬದಲಾಗಲಿಲ್ಲ, ತೀರ್ಮಾನದ ಮೇಲಿನ ಭರವಸೆ ಮಾತ್ರ ಜಾಸ್ತಿ ಆಯಿತು. ಆ ತೀರ್ಮಾನ ಸರಿ ಅಂತ ಇದರ ಅರ್ಥ ಅಲ್ಲ, ಆದರೆ ನಿಮ್ಮ ಡಿಪಿ ನೋಡುವವರೂ ಇದೇ ಮಾಡುವುದು. ಕೂಲಿಂಗ್ ಗ್ಲಾಸ್, ಬೈಕ್, ಗುಂಪು ಫೋಟೋ ತೆಗೆಯಿರಿ. ಎದುರಿನಿಂದ ಬೆಳಕು ಬಿದ್ದ, ಮುಖ ಸ್ಪಷ್ಟ ಕಾಣುವ ಒಂದು ಫೋಟೋ ಸಾಕು.

ಮೊದಲ ಮೆಸೇಜಿನಲ್ಲಿ "ಸೂಪರ್ ಪ್ರಾಪರ್ಟಿ, ಕೂಡಲೇ ಸಂಪರ್ಕಿಸಿ" ಅಂತ ಬರೆದರೆ ಅದು ಫಾರ್ವರ್ಡ್ ಅಂತ ಎಲ್ಲರಿಗೂ ಗೊತ್ತು. ಸೆಂಟ್ (ಎಕರೆಯ ನೂರನೇ ಒಂದು ಪಾಲು) ಎಷ್ಟು, ದಾಖಲೆಯಲ್ಲಿ ತೋಟವಾ ನಿಲಂ (ಗದ್ದೆ) ಆ, ರಸ್ತೆ ಎಷ್ಟು ಅಗಲ ಮತ್ತು ಕಲ್ಲಿನ ಲಾರಿ ಒಳಗೆ ಬರ್ತದಾ, ನೀರು ಬಾವಿಯದ್ದಾ ಬೋರಿನದ್ದಾ ಸುರಂಗದ್ದಾ (ನೀರಿಗಾಗಿ ಗುಡ್ಡಕ್ಕೆ ಅಡ್ಡ ಕೊರೆದದ್ದು), ಹೆದ್ದಾರಿ 66ಕ್ಕೆ ಎಷ್ಟು ದೂರ, ಮಾಲಕರು ಹೇಳುವ ರೇಟು, ನಿಮ್ಮ ಕಮಿಷನ್. ಏಳೆಂಟು ಸಾಲಿನಲ್ಲಿ ಮುಗಿಯಬೇಕು. ಕಮಿಷನ್ ಮೊದಲ ದಿನವೇ ಬರಹದಲ್ಲಿ ಹೇಳಿದವನಿಗೆ ಆಧಾರದ (ಕ್ರಯಪತ್ರ ನೋಂದಣಿಯ) ದಿನ ಸಬ್ ರಿಜಿಸ್ಟ್ರಾರ್ ಆಫೀಸಿನ ಮೆಟ್ಟಿಲಲ್ಲಿ ಜಗಳ ಇಲ್ಲ.

ಫೋಟೋ ಬೆಳಗ್ಗೆ 9ರ ಒಳಗೆ ಅಥವಾ ಸಂಜೆ 4ರ ನಂತರ ತೆಗೆಯಿರಿ. ನಡು ಮಧ್ಯಾಹ್ನ ತೋಟದೊಳಗೆ ಬಿಸಿಲು ನೆರಳು ಚುಕ್ಕೆ ಚುಕ್ಕೆ ಬಿದ್ದು ಎಂತದೂ ಕಾಣುವುದಿಲ್ಲ. ಮೊದಲ ಫೋಟೋ ರಸ್ತೆಯಿಂದ ಒಳಗೆ ಹೋಗುವ ದಾರಿಯದ್ದು, ಅಗಲ ಗೊತ್ತಾಗಲು ಒಂದು ಕಾರು ನಿಲ್ಲಿಸಿ. ಮೊಬೈಲಿನ 0.5 ಲೆನ್ಸ್ ಮುಟ್ಟಬೇಡಿ, 5 ಸೆಂಟ್ 10ರ ಹಾಗೆ ಕಾಣ್ತದೆ. ದುಬೈಯಿಂದ ರಜೆ ಹಾಕಿ ಬಂದವರು ಜಾಗಕ್ಕೆ ಕಾಲಿಟ್ಟ ಕೂಡಲೇ "ಇಷ್ಟೇನಾ?" ಅಂತ ಕೇಳಿದ ಮೇಲೆ ನಿಮ್ಮ ಯಾವ ಮಾತನ್ನೂ ಅವರು ನಂಬುವುದಿಲ್ಲ.

ಫೋನ್ ಮಾಡುವ ಹೊತ್ತು ನೋಡಿಕೊಳ್ಳಿ. ಯುಎಇ ನಮಗಿಂತ ಒಂದೂವರೆ ಗಂಟೆ ಹಿಂದೆ, ಸೌದಿ, ಕತಾರ್, ಕುವೈತ್ ಎರಡೂವರೆ ಗಂಟೆ ಹಿಂದೆ. ಇಲ್ಲಿ 8 ಗಂಟೆಗೆ ಫೋನ್ ಹಚ್ಚಿದರೆ ರಿಯಾದಿನಲ್ಲಿ ಐದೂವರೆ. ಶುಕ್ರವಾರ ಜುಮಾ ಹೊತ್ತಿಗೆ ಬೇಡವೇ ಬೇಡ.

ಆಧಾರ_ಬರಹ:
ಇಬ್ಬರೂ ಮುಖ್ಯವಾದದ್ದನ್ನು ಬಿಟ್ಟಿದ್ದೀರಿ: ಫೈಲ್. ಶರ್ಟ್ ಎಷ್ಟೇ ಚೆಂದ ಇರಲಿ, ಮಡಚಿ ಮಡಚಿ ಹರಿದ ಜೆರಾಕ್ಸನ್ನು ಕಿಸೆಯಿಂದ ತೆಗೆದರೆ ಅಲ್ಲಿಗೆ ಮುಗಿಯಿತು. ಜನ ಬ್ರೋಕರನ ಉಡುಪು ನೋಡುವುದೇ ಇವ ನಮ್ಮ ಕಾಗದಪತ್ರವನ್ನು ಹೇಗೆ ಇಟ್ಟುಕೊಳ್ಳಬಹುದು ಅಂತ ಅಂದಾಜು ಮಾಡಲಿಕ್ಕೆ.

ಒಂದು ಜಾಗಕ್ಕೆ ಒಂದು ಫೈಲ್, ಮಳೆಗೆ ನೆನೆಯದ ಗುಂಡಿ ಇರುವಂಥದ್ದು. ಮೇಲಿನಿಂದ ಕೆಳಗೆ: ಕನ್ನಡದಲ್ಲಿ ಒಂದು ಪುಟದ ಸಾರಾಂಶ, ಈ ವರ್ಷದ ಭೂತೆರಿಗೆ ರಶೀದಿ, ಈಗಿನ ಆಧಾರದ ನಕಲು, ಮುನ್ನಾಧಾರದ (ಅದಕ್ಕೆ ಹಿಂದಿನ ಕ್ರಯಪತ್ರದ) ನಕಲು, ಇ.ಸಿ. ಅಂದರೆ ಋಣಭಾರ ಪತ್ರ (30 ವರ್ಷದ್ದಾದರೆ ನೆಮ್ಮದಿ), ವಿಲ್ಲೇಜ್ ಆಫೀಸಿನ ಕೈವಶ ಸರ್ಟಿಫಿಕೇಟ್ ಮತ್ತು ಲೊಕೇಶನ್ ಸ್ಕೆಚ್. ಮನೆ ಇದ್ದರೆ ಪಂಚಾಯತಿನ ಕಟ್ಟಡ ತೆರಿಗೆ ರಶೀದಿ. ಒರಿಜಿನಲ್ ಯಾವುದೂ ನಿಮ್ಮ ಕೈಯಲ್ಲಿ ಇರಬಾರದು. ಮಾಲಕರ ಗುರುತಿನ ಚೀಟಿಯನ್ನು ವಾಟ್ಸಾಪ್‌ನಲ್ಲಿ ಹಂಚುವುದಂತೂ ಬೇಡ.

ಆ ಕನ್ನಡ ಸಾರಾಂಶ ಯಾಕೆಂದರೆ ಆಧಾರ ಹೆಚ್ಚಾಗಿ ಇರುವುದು ಮಲಯಾಳದಲ್ಲಿ. ಕರ್ನಾಟಕದಿಂದ ಬಂದವರು ಮೊದಲು ಕೇಳುವುದು ಪಹಣಿ, ಖಾತೆ. ಇಲ್ಲಿ ಆ ಹೆಸರಿನ ಕಾಗದವೇ ಇಲ್ಲ. ತಂಡಪೇರ್ ನಂಬರ್ (ವಿಲ್ಲೇಜ್ ಆಫೀಸಿನ ಭೂತೆರಿಗೆ ಖಾತೆಯದ್ದು), ತೆರಿಗೆ ರಶೀದಿ ತೋರಿಸಿ ಇಲ್ಲಿ ಆ ಕೆಲಸ ಮಾಡುವುದು ಇವು ಅಂತ ವಿವರಿಸಬೇಕು. ಅಳತೆಯೂ ಹಾಗೇ. ಆಧಾರದಲ್ಲಿ ಆರ್ ಲೆಕ್ಕ ಇರ್ತದೆ, ಒಂದು ಆರ್ ಅಂದರೆ 2.47 ಸೆಂಟ್. ಬೆಂಗಳೂರಿನವರಿಗೆ ಚದರಡಿ ಇಲ್ಲವೇ ಗುಂಟೆ ಹೇಳಿ: 10 ಸೆಂಟ್ ಅಂದರೆ 4,356 ಚದರಡಿ, 4 ಗುಂಟೆ. ಇದನ್ನು ಕ್ಯಾಲ್ಕುಲೇಟರ್ ಹಿಡಿಯದೆ ಹೇಳುವ ಬ್ರೋಕರ್‌ಗೆ ಕೋಟು ಬೇಡ.

ಕೆಲಸ ಕೆಡುವ ಜಾಗ ಬೇರೆ ಉಂಟು. ಕಣ್ಣಿಗೆ ತೆಂಗಿನ ತೋಟ, ದಾಖಲೆಯಲ್ಲಿ ನಿಲಂ. 2008ರ ಗದ್ದೆ ಮತ್ತು ಜೌಗು ಭೂಮಿ ಸಂರಕ್ಷಣಾ ಕಾನೂನಿನ ಡಾಟಾ ಬ್ಯಾಂಕಿನಲ್ಲಿ (ಅಂಥ ಜಾಗಗಳ ಸರಕಾರಿ ಪಟ್ಟಿಯಲ್ಲಿ) ಆ ಸರ್ವೆ ನಂಬರ್ ಉಂಟಾ ಅಂತ ಮೊದಲೇ ನೋಡಿ. ಇದ್ದರೆ ಅದರಿಂದ ತೆಗೆಸಲು ಫಾರ್ಮ್ 5. ಡಾಟಾ ಬ್ಯಾಂಕಿನಲ್ಲಿ ಇಲ್ಲದೆ ಬರೀ ದಾಖಲೆಯಲ್ಲಿ ನಿಲಂ ಅಂತಿದ್ದರೆ 50 ಸೆಂಟ್‌ವರೆಗೆ ಫಾರ್ಮ್ 6. "ಮನೆ ಕಟ್ಟಬಹುದು, ಎಂತ ತೊಂದರೆ ಇಲ್ಲ" ಅಂತ ಬಾಯಿಮಾತಿನಲ್ಲಿ ಹೇಳಿಬಿಡಬೇಡಿ. ಗಲ್ಫ್‌ನಲ್ಲಿರುವ ಅನಿವಾಸಿಗಳಿಗೆ ಇನ್ನೊಂದು ಉಂಟು. ವಿದೇಶಿ ವಿನಿಮಯ ನಿಯಮದ ಪ್ರಕಾರ ಅವರು ಕೃಷಿಭೂಮಿ, ಪ್ಲಾಂಟೇಶನ್, ಫಾರ್ಮ್‌ಹೌಸ್ ಖರೀದಿ ಮಾಡುವ ಹಾಗಿಲ್ಲ. ಅಂಥವರಿಗೆ ಎರಡು ಎಕರೆ ಅಡಿಕೆ ತೋಟದ ಫೋಟೋ ಕಳಿಸಿದರೆ ವಿಷಯ ಗೊತ್ತಿದ್ದವರು ನಗ್ತಾರೆ.

ಖರ್ಚು ಕೇಳಿದರೆ ತಡವರಿಸಬೇಡಿ: ಸ್ಟಾಂಪ್ ಡ್ಯೂಟಿ ಶೇ. 8, ನೋಂದಣಿ ಫೀಸ್ ಶೇ. 2. ಫೇರ್ ವ್ಯಾಲ್ಯೂ (ಸರಕಾರ ನಿಗದಿ ಮಾಡಿದ ಬೆಲೆ) ಮತ್ತು ಆಧಾರದಲ್ಲಿ ಕಾಣಿಸುವ ಬೆಲೆ ಎರಡರಲ್ಲಿ ಯಾವುದು ಜಾಸ್ತಿಯೋ ಅದರ ಮೇಲೆ. ಅಡ್ವಾನ್ಸ್ 20,000 ರೂಪಾಯಿ ಅಥವಾ ಹೆಚ್ಚಾದರೆ ನಗದು ಆಗುವುದಿಲ್ಲ, ಬ್ಯಾಂಕ್ ಮೂಲಕವೇ.

ಕುಂಬಳೆ_ಹೊಸಬ:
ಉಪಕಾರ. ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ಮಾಡಿಸಿ ಕಾರ್ಡಿನಲ್ಲಿ ಹಾಕಿದರೆ ಮರ್ಯಾದೆ ಜಾಸ್ತಿಯಾ? ಮತ್ತೆ ಭಾಷೆಯದ್ದು. ಕನ್ನಡ, ತುಳು ಸರಿ ಬರ್ತದೆ, ಮಲಯಾಳ ಅಷ್ಟಕ್ಕಷ್ಟೆ.

ಆಧಾರ_ಬರಹ:
ಒಬ್ಬರ ಜಾಗ ಇನ್ನೊಬ್ಬರಿಗೆ ಕೊಡಿಸುವುದಕ್ಕೆ ರೇರಾ ಬೇಕಿಲ್ಲ. ರೇರಾದಲ್ಲಿ ನೋಂದಣಿ ಆಗಬೇಕಾದ ಪ್ರಾಜೆಕ್ಟಿನ ಫ್ಲ್ಯಾಟ್, ವಿಲ್ಲಾ, ಪ್ಲಾಟ್ ಮಾರುವುದಾದರೆ 2016ರ ಕಾನೂನಿನ 9ನೇ ಸೆಕ್ಷನ್ ಪ್ರಕಾರ ಏಜೆಂಟ್ ನೋಂದಣಿ ಕಡ್ಡಾಯ, ಮಾಡಿಸಿಕೊಟ್ಟ ಪ್ರತಿ ಮಾರಾಟದಲ್ಲೂ ನಂಬರ್ ಕಾಣಿಸಬೇಕು. ಮಾಡದಿದ್ದರೆ ದಿನಕ್ಕೆ 10,000 ರೂಪಾಯಿ ದಂಡ, ಬೆಲೆಯ ಶೇ. 5ರವರೆಗೆ ಏರಬಹುದು. ನಂಬರ್ ಇದ್ದರೆ ಕಾರ್ಡಿನಲ್ಲಿ ಹಾಕಿ. ಇಲ್ಲದೆ "ಸರಕಾರಿ ಅಂಗೀಕೃತ" ಅಂತ ಅಚ್ಚು ಹಾಕಿಸುವ ಕೆಲವರಿದ್ದಾರೆ, ಆ ಸಾಲಿಗೆ ಸೇರಬೇಡಿ.

ಸಪ್ತಭಾಷೆ:
ಹರಕು ಮಲಯಾಳದಲ್ಲೇ ಶುರು ಮಾಡಿ, ತೊಂದರೆ ಇಲ್ಲ. ಎದುರಿನವರೇ ನಿಮಗೆ ಸುಲಭವಾದ ಭಾಷೆಗೆ ಬರ್ತಾರೆ, ನಮ್ಮ ಊರಿನ ಗುಣ ಅದು. ಆದರೆ ಅಳತೆ, ರೇಟು, ಕಮಿಷನ್ ಮೂರನ್ನು ಮಾತ್ರ ಸರಿಯಾಗಿ ಬರುವ ಭಾಷೆಯಲ್ಲೇ ಹೇಳಿ, ಕಾಗದದಲ್ಲಿ ಅಂಕೆ ಬರೆದು ತೋರಿಸಿ.

ಕರೆಯುವುದರಲ್ಲಿ ಎಡವಬೇಡಿ. ಎಲ್ಲರಿಗೂ ಸರ್ ಸರ್ ಅಂದರೆ ಕಂಪೆನಿ ಫೋನಿನ ಹಾಗೆ ಕೇಳ್ತದೆ. ಶೆಟ್ರೆ, ಭಟ್ರೆ, ರೈಗಳೇ, ಇಚ್ಚ, ಚೇಟ್ಟ, ಯಾವುದು ಸಲ್ಲುತ್ತದೆ ಅಂತ ಹೋಗುವ ಮೊದಲೇ ಕೇಳಿ ತಿಳಿದುಕೊಳ್ಳಿ. ಗೊತ್ತಿಲ್ಲದಿದ್ದರೆ ಅಣ್ಣ, ಅಕ್ಕ ಅಂದರೆ ಯಾರೂ ಬೇಸರಿಸುವುದಿಲ್ಲ. ಗಂಡ ಗಲ್ಫ್‌ನಲ್ಲಿದ್ದು ಜಾಗ ನೋಡಲು ಹೆಂಡತಿ, ಅತ್ತೆ ಬಂದರೆ ಜೊತೆಗೆ ಬಂದ ಹುಡುಗನ ಮುಖ ನೋಡಿ ಮಾತಾಡುವ ಅಭ್ಯಾಸ ತುಂಬ ಬ್ರೋಕರ್‌ಗಳಿಗೆ ಉಂಟು. ಬಾವಿ ಎಲ್ಲಿ, ಶಾಲೆ ವ್ಯಾನ್ ಎಲ್ಲಿವರೆಗೆ ಬರ್ತದೆ ಅಂತ ಕೇಳುವವರು ಆ ಹೆಂಗಸರು. ತೀರ್ಮಾನವೂ ಹೆಚ್ಚಾಗಿ ಅವರದ್ದೇ.

ಚಂದ್ರಗಿರಿ_ದಂಡೆ:
ಜಾಗ ತೋರಿಸುವ ದಿನದ್ದು ಯಾರೂ ಬರೆಯಲಿಲ್ಲ. ಪಾರ್ಟಿಗಿಂತ ಅರ್ಧ ಗಂಟೆ ಮೊದಲು ನೀವು ಅಲ್ಲಿರಬೇಕು. ಹಿಂದಿನ ದಿನವೇ ಗಡಿಕಲ್ಲಿನ ಸುತ್ತ ಬಲ್ಲೆ ಕಡಿಸಿ, ಪ್ರತಿ ಮೂಲೆಗೆ ಒಂದು ಕೋಲು ಊರಿ ಬಣ್ಣದ ರಿಬ್ಬನ್ ಕಟ್ಟಿ. "ಅಲ್ಲೆಲ್ಲೋ ಕಲ್ಲು ಉಂಟು" ಅಂತ ಕೈ ತೋರಿಸುವವನನ್ನು ಕಂಡರೆ ಜಾಗದಲ್ಲೇ ತಕರಾರು ಉಂಟು ಅಂತ ಭಾವನೆ ಬರ್ತದೆ. ಗಡಿ ಅಗಳು (ಕಂದಕ) ಆದರೆ ಅಗಳಿನ ಯಾವ ಬದಿ ನಮ್ಮದು ಅಂತ ಮಾಲಕರ ಹತ್ತಿರ ಕೇಳಿಟ್ಟುಕೊಳ್ಳಿ, ನೆರೆಯವರು ಕೇಳುವ ಮೊದಲ ಪ್ರಶ್ನೆಯೇ ಅದು. ಡಿಜಿಟಲ್ ರೀಸರ್ವೆ ಮುಗಿದ ವಿಲ್ಲೇಜ್ ಆದರೆ ಹೊಸ ಅಳತೆ ಆಧಾರದ ಅಳತೆಗೆ ತಾಳೆ ಆಗ್ತದಾ ನೋಡಿ, ವ್ಯತ್ಯಾಸ ಇದ್ದರೆ ನೀವೇ ಮೊದಲು ಹೇಳಿ.

30 ಮೀಟರ್ ಟೇಪ್, ಕತ್ತಿ, ನೀರಿನ ಬಾಟಲಿ ಕೈಗೆಟಕುವಂತಿರಲಿ. ಬಾವಿ ಎಷ್ಟು ಕೋಲು ಆಳ, ಮೇ ಕೊನೆಗೆ ನೀರು ಎಷ್ಟಿರ್ತದೆ ಅಂತ ಪಕ್ಕದ ಮನೆಯಲ್ಲಿ ಕೇಳಿ ಖಚಿತ ಮಾಡಿಕೊಳ್ಳಿ. ಜುಲೈಯಲ್ಲಿ ತುಂಬಿದ ಬಾವಿ ತೋರಿಸಿ ನೀರಿದೆ ಅಂದರೆ ಮಕ್ಕಳೂ ನಂಬುವುದಿಲ್ಲ. ನಾಯಿ ಕಟ್ಟಲು ಹೇಳಿ. ನಡೆಯುವಾಗ ನೀವು ಮುಂದೆ (ಮುಳ್ಳು, ಹಾವು, ಜಾರುವ ಕಡೆ ನೋಡಬೇಕಾದವರು ನೀವು), ಮಾತಾಡುವಾಗ ಅವರು ಮುಂದೆ. ಬೇರೆ ಪಾರ್ಟಿಯ ಫೋನ್ ಬಂದರೆ ಎತ್ತಬೇಡಿ. "ಇದಕ್ಕೆ ಇನ್ನೊಬ್ಬರು ಹೆಚ್ಚು ಹೇಳಿದ್ದಾರೆ" ಅಂತ ಫೋನಿನಲ್ಲಿ ನಾಟಕ ಆಡುವುದು ಹಳೆಯ ಉಪಾಯ, ಈಗ ಎಲ್ಲರಿಗೂ ಗೊತ್ತು.

ಕಾರು ದೊಡ್ಡದು ಬೇಕಿಲ್ಲ, ಒಳಗೆ ಕಸ, ವಾಸನೆ ಇರಬಾರದು ಅಷ್ಟೆ. ಬೈಕಿನಲ್ಲಿ ಹೋಗುವವರಾದರೆ ಹೆಲ್ಮೆಟ್ ತೆಗೆದ ಮೇಲೆ ತಲೆ ಬಾಚಿಕೊಂಡು ಗೇಟು ದಾಟಿ.

ಮುರಕಲ್ಲು:
ಒಪ್ಪುತ್ತೇನೆ, ಒಂದು ಬಿಟ್ಟು. ಬಲ್ಲೆ ಪೂರ್ತಿ ಕಡಿಸಬಾರದು, ಗಡಿ ಮತ್ತು ನಡೆಯುವ ದಾರಿ ಮಾತ್ರ. ಇಡೀ ಜಾಗ ಬೋಳು ಮಾಡಿಸಿದರೆ ಅವಸರದ ಮಾರಾಟ ಅಂತ ತಿಳಿದು ರೇಟು ಇಳಿಸ್ತಾರೆ.

ಕುಂಬಳೆ_ಹೊಸಬ:
ಕಾರ್ಡ್ ಯಾವ ಭಾಷೆಯಲ್ಲಿ?

ಸಪ್ತಭಾಷೆ:
ಒಂದು ಬದಿ ಕನ್ನಡ ಮತ್ತು ಮಲಯಾಳ, ಇನ್ನೊಂದು ಬದಿ ಇಂಗ್ಲಿಷ್. ವಯಸ್ಸಾದವರಿಗೆ ಕನ್ನಡಕ ಇಲ್ಲದೆ ಓದಲು ಆಗುವಷ್ಟು ದೊಡ್ಡ ಅಕ್ಷರದಲ್ಲಿ ಫೋನ್ ನಂಬರ್. ಹೊಳೆಯುವ ಲ್ಯಾಮಿನೇಶನ್ ಬೇಡ. ಅದರ ಮೇಲೆ ಪೆನ್ನು ಹಿಡಿಯುವುದಿಲ್ಲ, ಜಾಗದ ಸೆಂಟು ಮತ್ತು ರೇಟನ್ನು ಜನ ಬರೆದುಕೊಳ್ಳುವುದು ಕಾರ್ಡಿನ ಮೇಲೆಯೇ.