ಹಾಸನ, ಚಿಕ್ಕಮಗಳೂರು ಕಡೆ ಮ್ಯೂಸಿಯಂ, ಹಳೇ ಮನೆ: ನೋಡಿದವರು ಹೇಳಿ

ಅಪ್ಪ, ಅಮ್ಮ, ಎಂಟನೇ ಕ್ಲಾಸಿನ ಮಗಳ ಜೊತೆ ಹಾಸನಕ್ಕೆ ಬರುತ್ತಿದ್ದೇವೆ. ಬೇಲೂರು, ಹಳೇಬೀಡು ಹೇಗೂ ನೋಡುತ್ತೇವೆ. ಹಳೇ ಕಾಲದ ಬದುಕು ತಿಳಿಯುವಂಥ ಮ್ಯೂಸಿಯಂ, ಮನೆಗಳಿದ್ದರೆ ತಿಳಿಸಿ. ಅಪ್ಪನಿಗೆ ಜಾಸ್ತಿ ನಡೆಯಲು ಆಗುವುದಿಲ್ಲ.

ಹಳೇಬೀಡಿನ ಹತ್ತಿರದವರು:
ಮೊದಲು ಒಂದು ಮಾತು, ಶುಕ್ರವಾರ ಬರಬೇಡಿ. ಹಳೇಬೀಡಿನ ಮ್ಯೂಸಿಯಂಗೆ ಅವತ್ತು ರಜೆ. ಹೊಯ್ಸಳೇಶ್ವರ ದೇವಸ್ಥಾನದ ಪಕ್ಕದಲ್ಲೇ ಇದೆ, ಹಾಗಾಗಿ ನಿಮ್ಮ ತಂದೆಯವರಿಗೆ ಕಷ್ಟ ಆಗುವುದಿಲ್ಲ. ಗೋಡೆಯ ಮೇಲಿದ್ದರೆ ಕತ್ತೆತ್ತಿ ನೋಡಬೇಕಾದ ಕೆತ್ತನೆ ಇಲ್ಲಿ ಕಣ್ಣೆದುರಿಗೇ ಸಿಗುತ್ತದೆ. ಬಳಪದ ಕಲ್ಲಿನಲ್ಲಿ ಒಡವೆಯ ಒಂದೊಂದು ಮಣಿಯನ್ನೂ ಹೇಗೆ ಬಿಡಿಸಿದ್ದಾರೆ ನೋಡಿ.

ದೇವಸ್ಥಾನದ ದಕ್ಷಿಣಕ್ಕೆ ಒಂದು ಗರುಡಗಂಬ ಇದೆ. ಬಹಳ ಜನ ಸುಮ್ನೆ ದಾಟಿ ಹೋಗುತ್ತಾರೆ. ನೀವು ನಿಂತು ನೋಡಿ. ಹೊಯ್ಸಳ ರಾಜ ಇಮ್ಮಡಿ ಬಲ್ಲಾಳನ ದಂಡನಾಯಕ ಕುವರಲಕ್ಷ್ಮನ ನೆನಪಿಗೆ ನಿಲ್ಲಿಸಿದ್ದು. ರಾಜ ತೀರಿಕೊಂಡಾಗ ಅವನು, ಅವನ ಹೆಂಡತಿ, ಜೊತೆಗಿದ್ದ ವೀರರು ಎಲ್ಲರೂ ಪ್ರಾಣ ಕೊಟ್ಟರು. ಕತ್ತಿ ಹಿಡಿದು ತಮ್ಮ ತಲೆ ತಾವೇ ಕಡಿದುಕೊಳ್ಳುವ ಪುಟ್ಟ ಆಕೃತಿಗಳು ಕಂಬದ ಮೇಲಿವೆ. ಮಗಳಿಗೆ ಅಲ್ಲೇ ನಿಂತು ಈ ಕಥೆ ಹೇಳಿ. ಪಾಠದ ಹತ್ತು ಪುಟಕ್ಕಿಂತ ಇದು ಮನಸ್ಸಿಗೆ ನಾಟುತ್ತದೆ.

ಆಮೇಲೆ ಬಸದಿಹಳ್ಳಿ. ಪಾರ್ಶ್ವನಾಥ ಬಸದಿಯ ಕಂಬಗಳಿಗೆ ಎಂಥ ನುಣುಪು ಅಂದರೆ ಮುಖ ಕಾಣುತ್ತದೆ. ಗದ್ದಲವೂ ಕಡಿಮೆ.

ಬೇಲೂರಿನಿಂದ:
ಹಲ್ಮಿಡಿ ನಮ್ಮ ತಾಲ್ಲೂಕಿನಲ್ಲೇ ಇದೆ. ಸುಮಾರು ಕ್ರಿ.ಶ. 450ರ ಕನ್ನಡ ಶಾಸನ ಸಿಕ್ಕ ಊರು. ಮೂಲ ಕಲ್ಲು ಮೈಸೂರಿನಲ್ಲಿದೆ, ಇಲ್ಲಿರುವುದು ಪ್ರತಿಕೃತಿ. ಮಗಳಿಗೆ ಮೊದಲೇ ಹೇಳಿಬಿಡಿ, ಬೇಜಾರಾಗುವುದಿಲ್ಲ. ಕನ್ನಡದ ಮಕ್ಕಳು ಆ ಊರಿನ ನೆಲದ ಮೇಲೆ ಒಮ್ಮೆ ನಿಲ್ಲಬೇಕು, ಅಲ್ವಾ?

ಕೊಪ್ಪದಿಂದ:
ಹಳೇ ಮನೆ ಅಂದರೆ ನಾನು ಕುಪ್ಪಳಿಯನ್ನೇ ಹೇಳುವುದು. ಅದು ಶಿವಮೊಗ್ಗ ಜಿಲ್ಲೆ, ತೀರ್ಥಹಳ್ಳಿ ತಾಲ್ಲೂಕು. ನಮ್ಮ ಕೊಪ್ಪದ ಕಡೆಯಿಂದಲೂ ಹೋಗಬಹುದು. ಕುವೆಂಪು 1904ರಲ್ಲಿ ಹುಟ್ಟಿದ್ದು ನಮ್ಮ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ, ಬೆಳೆದದ್ದು ಆ ಕುಪ್ಪಳಿ ಮನೆಯಲ್ಲಿ. ನಡುವೆ ತೊಟ್ಟಿ, ಸುತ್ತ ಮರದ ಕಂಬಗಳು, ಹಳೇ ಅಡುಗೆ ಸಾಮಾನು, ಬೇಸಾಯದ ಸಲಕರಣೆ. ನಿಮ್ಮ ಅಮ್ಮನಿಗೆ ಅರ್ಧ ಸಾಮಾನಿನ ಹೆಸರು ಗೊತ್ತಿರುತ್ತದೆ, ಅವರೇ ಹೇಳಲಿ. ಮೇಲಿನ ಮಹಡಿಗಳಿಗೆ ಅಪ್ಪನವರನ್ನು ಹತ್ತಿಸಬೇಡಿ, ಕೆಳಗೇ ನೋಡುವುದು ಬೇಕಾದಷ್ಟಿದೆ. ಹಾಸನದಿಂದ ಒಂದೇ ದಿನದಲ್ಲಿ ಹೋಗಿ ಬರಲು ನೋಡಬೇಡಿ, ದೂರ ಇದೆ, ಘಾಟಿ ದಾರಿ. ಶೃಂಗೇರಿಯಲ್ಲೋ ಕೊಪ್ಪದಲ್ಲೋ ಒಂದು ರಾತ್ರಿ ಉಳಿಯಿರಿ.

ಹಳೇಬೀಡಿನವರು, ಮತ್ತೆ:
ಒಂದು ಬಿಟ್ಟುಹೋಯಿತು. ಚಪ್ಪಲಿ ಹೊರಗೆ ಬಿಡಬೇಕು, ಮಧ್ಯಾಹ್ನ ಕಲ್ಲು ಕಾದಿರುತ್ತದೆ. ಅಪ್ಪನವರಿಗೆ ದಪ್ಪ ಕಾಲುಚೀಲ ತನ್ನಿ. ಬೆಳಗ್ಗೆ ದೇವಸ್ಥಾನ ಮುಗಿಸಿ, ಬಿಸಿಲೇರಿದ ಮೇಲೆ ಮ್ಯೂಸಿಯಂ ಇಟ್ಟುಕೊಳ್ಳಿ.