ಸಹಾಯ ಬೇಕು: ಹಳೇ ಪುಸ್ತಕದ ಅರ್ಕಾವತ್ತನ್ನು ಏನು ಮಾಡಬೇಕು?

ಎಲ್ಲರಿಗೂ ನಮಸ್ಕಾರ. ಧಾರವಾಡದಲ್ಲಿ ನಾವು ನಾಲ್ಕು ಜನ ಸೇರಿ ಉಚಿತ ಆನ್‌ಲೈನ್ ಗ್ರಂಥಾಲಯವಾದ ಕನ್ನಡ ವಿಕಿಸೋರ್ಸ್‌ನಲ್ಲಿ ಹಳೇ ಪುಸ್ತಕಗಳ ಕರಡು ತಿದ್ದುತ್ತಿದ್ದೇವೆ. ಸ್ಕ್ಯಾನ್ ಆದ ಪುಸ್ತಕಗಳು ರಾಶಿ ಬಿದ್ದಿವೆ, ತಿದ್ದುವ ಕೈ ಕಡಿಮೆ. ಒಬ್ಬರು ತಿದ್ದಿದರೆ ಪುಟದ ಗುರುತು ಹಳದಿ ಆಗುತ್ತದೆ, ಹಸಿರು (ಪರಿಶೀಲನೆ ಮುಗಿದದ್ದು) ಆಗಬೇಕಂದ್ರೆ ಇನ್ನೊಬ್ಬರು ನೋಡಬೇಕು. ಅಲ್ಲೇ ನಿಂತುಬಿಟ್ಟಿದ್ದೇವೆ.

ಒಸಿಆರ್ (ಸ್ಕ್ಯಾನ್ ಚಿತ್ರದಿಂದ ಅಕ್ಷರ ಓದುವ ತಂತ್ರಾಂಶ) ಅರ್ಕಾವತ್ತನ್ನು ಅಂಕಿ ೯ ಅಂತ ಓದುತ್ತದೆ. 'ಧರ್ಮ' ಹೋಗಿ 'ಧಮ೯' ಬರುತ್ತದೆ. ಒಟ್ಟಿಗೆ ಬದಲಿಸಿ ನೋಡಿದೆವು, ಇಸವಿಗಳಲ್ಲಿದ್ದ ನಿಜವಾದ ೯ ಕೂಡ ಹಾಳಾಯಿತು. ಈಗ ಒಂದೊಂದೇ ಕೈಯಿಂದ ತಿದ್ದುತ್ತೇವೆ. ಬೇಸರವಿಲ್ಲ, ಅದು ನಡೆಯುತ್ತದೆ.

ಗೊಂದಲ ಇರುವುದು ಬೇರೆ ಕಡೆ. ಒಂದೇ ಪುಟದಲ್ಲಿ ಮೇಲೆ 'ಕಾರ್ಯ', ನಾಲ್ಕು ಸಾಲು ಕೆಳಗೆ 'ಕಾರ‍್ಯ' ಅಂತ ಅಚ್ಚಾಗಿದೆ. ಎರಡನೆಯದು ಬರಬೇಕಾದರೆ ರ ಆದ ಮೇಲೆ ಕಣ್ಣಿಗೆ ಕಾಣದ ಜೆಡ್‌ಡಬ್ಲ್ಯೂಜೆ ಎಂಬ ಜೋಡಣೆ ಚಿಹ್ನೆ ಹಾಕಬೇಕು. ನಾನು ಅಚ್ಚಿನಲ್ಲಿ ಇದ್ದ ಹಾಗೇ ಇಡುತ್ತೇನೆ. ಗೆಳತಿ ಎಲ್ಲವನ್ನೂ 'ಕಾರ್ಯ' ಮಾಡುತ್ತಾಳೆ, ಹುಡುಕಲು ಸುಲಭ ಅಂತ ಅವಳ ವಾದ. ಅದೂ ಸುಳ್ಳಲ್ಲ. ಹೀಗಾಗಿ ಪುಟಗಳು ಹಳದಿಯಲ್ಲೇ ಉಳಿದಿವೆ.

ಅನುಭವ ಇದ್ದವರು ದಯವಿಟ್ಟು ಹೇಳಿ: ಅಚ್ಚಿನಲ್ಲಿರುವ ಎರಡೂ ರೂಪ ಉಳಿಸಿಕೊಳ್ಳಬೇಕಾ, ಇಲ್ಲ ಇಡೀ ಪುಸ್ತಕಕ್ಕೆ ಒಂದೇ ರೂಪ ಮಾಡಬಹುದಾ?