4×5 ಕ್ಯಾಮೆರಾಕ್ಕೆ ವೈಡ್ ಆ್ಯಂಗಲ್ ಲೆನ್ಸ್: 90 ಮಿ.ಮೀ. ತೆಗೆದುಕೊಳ್ಳಲೋ, 75 ಮಿ.ಮೀ. ತೆಗೆದುಕೊಳ್ಳಲೋ?

ಪ್ರಶ್ನೆ (ಕಲಬುರಗಿಯಿಂದ)

ಎಲ್ಲರಿಗೂ ಶರಣು. ಎರಡು ವರ್ಷದಿಂದ ನಾನು 4×5 ಇಂಚಿನ ಮರದ ಫೀಲ್ಡ್ ಕ್ಯಾಮೆರಾದಲ್ಲಿ ಕಪ್ಪು-ಬಿಳುಪು ಶೀಟ್ ಫಿಲಂ ಹಾಕಿ ನಮ್ಮ ಭಾಗದ ಬಹಮನಿ ಕಾಲದ ಕಟ್ಟಡಗಳ ಚಿತ್ರ ತೆಗೆಯುತ್ತಿದ್ದೇನೆ. ನನ್ನ ಬಳಿ ಇರುವುದು 150 ಮಿ.ಮೀ. ಲೆನ್ಸ್ ಒಂದೇ. ದೂರ ನಿಲ್ಲಲು ಜಾಗವಿರುವ ಕಡೆ ಅದು ಸಾಕಾಗುತ್ತದೆ. ಹಫ್ತ್ ಗುಂಬಜ್‌ನ ಸಮಾಧಿಗಳನ್ನು ಅದರಲ್ಲಿಯೇ ಮನಸ್ಸಿಗೆ ಒಪ್ಪುವಂತೆ ತೆಗೆದಿದ್ದೇನೆ. ಆದರೆ ಎರಡು ಕಡೆ ಅದು ಕೈಕೊಡುತ್ತಿದೆ.

ಮೊದಲನೆಯದು ಇಲ್ಲಿಯ ಕೋಟೆಯೊಳಗಿನ ಜಾಮಿ ಮಸೀದಿ. 1367ರಲ್ಲಿ ಕಟ್ಟಿದ ಈ ಮಸೀದಿಗೆ ನಡುವೆ ತೆರೆದ ಅಂಗಳವಿಲ್ಲ. 216 ಅಡಿಗೆ 176 ಅಡಿ ಜಾಗವೆಲ್ಲ ಮೇಲ್ಛಾವಣಿಯ ಕೆಳಗೇ ಇದೆ. ಅಂಚಿನ ಸಾಲುಗಳ ಅಗಲವಾದ, ಗಿಡ್ಡ ಕಾಲಿನ ಕಮಾನುಗಳ ಎದುರು ಟ್ರೈಪಾಡ್ ಹಿಡಿದು ಹಿಂದೆ ಸರಿಯುತ್ತ ಹೋದರೆ ಬೆನ್ನಿಗೆ ಕಂಬ ತಾಗುತ್ತದೆಯೇ ಹೊರತು ಗ್ರೌಂಡ್ ಗ್ಲಾಸಿನಲ್ಲಿ (ಬಿಂಬ ನೋಡುವ ಹಿಂಬದಿಯ ಮಸುಕು ಗಾಜಿನಲ್ಲಿ) ಕಮಾನು ಪೂರ್ತಿಯಾಗಿ ಕೂಡುವುದಿಲ್ಲ. ಎರಡನೆಯದು ಬೀದರಿನ ಮಹಮೂದ್ ಗವಾನ್ ಮದರಸಾ. ಅಲ್ಲಿ ಉಳಿದಿರುವ ಒಂದೇ ಮಿನಾರನ್ನು ಬುಡದಿಂದ ತುದಿಯವರೆಗೆ ನೇರವಾಗಿ ನಿಲ್ಲಿಸಿ ತೆಗೆಯಬೇಕೆಂಬುದು ನನ್ನ ಆಸೆ. ಕ್ಯಾಮೆರಾವನ್ನು ಮೇಲಕ್ಕೆ ಬಾಗಿಸಿದರೆ ಮಿನಾರು ಹಿಂದಕ್ಕೆ ಬೀಳುವಂತೆ ಕಾಣುತ್ತದೆ, ಬಾಗಿಸದಿದ್ದರೆ ತಲೆ ಕತ್ತರಿಸಿ ಹೋಗುತ್ತದೆ.

ಒಂದೇ ಲೆನ್ಸ್ ಕೊಳ್ಳುವಷ್ಟು ಹಣ ಕೂಡಿಸಿದ್ದೇನೆ. ಎತ್ತರದ ಕಟ್ಟಡವಾದ್ದರಿಂದ ಹೆಚ್ಚು ಅಗಲ ಕಾಣುವ 75 ಮಿ.ಮೀ. ತೆಗೆದುಕೊಳ್ಳುವುದೇ ಸರಿಯೆಂದು ನನಗೆ ತೋರುತ್ತಿದೆ. ಎಫ್ ಸಂಖ್ಯೆ ಚಿಕ್ಕದಾದಷ್ಟೂ ಲೆನ್ಸಿನ ಬಾಯಿ ದೊಡ್ಡದು; ಎಫ್ 8ರ ಲೆನ್ಸುಗಳು ಅಗ್ಗ, ಎಫ್ 5.6ರವು ತುಟ್ಟಿ, ಆ ವ್ಯತ್ಯಾಸಕ್ಕೆ ತಕ್ಕ ಪ್ರಯೋಜನವಿದೆಯೇ? ನಡುವಿನ ಬೆಳಕನ್ನು ತಗ್ಗಿಸಿ ಮೂಲೆಗಳಿಗೆ ಸಮಮಾಡುವ ಸೆಂಟರ್ ಫಿಲ್ಟರ್ ಕೂಡ ಬೇಕಾಗುತ್ತದೆಯೇ? ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ 1 (ಬೀದರಿನಿಂದ)

ಶರಣು. 75 ಬೇಕೋ 90 ಬೇಕೋ ಎಂದು ಕೇಳುವ ಮೊದಲು, ಆ ಲೆನ್ಸ್ ಫಿಲಂ ಮೇಲೆ ಎಷ್ಟು ದೊಡ್ಡ ಬಿಂಬವೃತ್ತವನ್ನು ಬೀಳಿಸುತ್ತದೆ ಎಂದು ಕೇಳಿರಿ. ಎಷ್ಟು ಅಗಲ ಕಾಣುತ್ತದೆ ಎಂಬುದನ್ನು ಸಂಗಮದೂರ, ಅಂದರೆ ಈ 75, 90 ಎಂಬ ಮಿ.ಮೀ. ಅಂಕೆ, ಹೇಳುತ್ತದೆ. ಕ್ಯಾಮೆರಾವನ್ನು ಮಟ್ಟವಾಗಿ ಇಟ್ಟುಕೊಂಡೇ ಎಷ್ಟು ಎತ್ತರದವರೆಗೆ ನೋಡಬಹುದು ಎಂಬುದಕ್ಕೆ ಸಂಗಮದೂರದ ಜೊತೆಗೆ ಬಿಂಬವೃತ್ತವೂ ಬೇಕು, ಮತ್ತು ನಿಮ್ಮ ಮಿನಾರಿನ ಪ್ರಶ್ನೆ ಈ ಎರಡನೆಯ ಬಗೆಯದು.

ಲೆಕ್ಕ ಹಾಕಿ ತೋರಿಸುತ್ತೇನೆ. 4×5 ಫಿಲಂನಲ್ಲಿ ಚಿತ್ರ ಮೂಡುವ ಜಾಗ ಸುಮಾರು 95ಕ್ಕೆ 120 ಮಿ.ಮೀ. ಫಿಲಂ ಹೋಲ್ಡರನ್ನು ಉದ್ದುದ್ದ ಹಾಕಿದರೆ ನಡುವಿನಿಂದ ಮೇಲಂಚಿಗೆ 60 ಮಿ.ಮೀ. ಆಗುತ್ತದೆ. ಲೆನ್ಸನ್ನು ಮೇಲಕ್ಕೆ ಏರಿಸಿದಷ್ಟೂ, ಅಂದರೆ ರೈಸ್ ಕೊಟ್ಟಷ್ಟೂ, ಆ 60ಕ್ಕೆ ಸೇರಿಕೊಳ್ಳುತ್ತ ಹೋಗುತ್ತದೆ; ಬಿಂಬವೃತ್ತದ ಅಂಚು ಚಿತ್ರದ ಮೂಲೆಯನ್ನು ಮುಟ್ಟಿದಲ್ಲಿಗೆ ಅದರ ಮಿತಿ. ಷ್ನೈಡರ್ ಸೂಪರ್ ಆಂಗ್ಯುಲಾನ್ 90 ಮಿ.ಮೀ. ಎಫ್ 8ರ ವೃತ್ತ ಎಫ್ 22ರಲ್ಲಿ 216 ಮಿ.ಮೀ.; ಅದರಲ್ಲಿ 37 ಮಿ.ಮೀ. ಏರಿಸಬಹುದು. ನಿಕ್ಕಾರ್ ಎಸ್‌ಡಬ್ಲ್ಯೂ 90 ಮಿ.ಮೀ. ಎಫ್ 8ರ ವೃತ್ತ 235 ಮಿ.ಮೀ.; ಅದರಲ್ಲಿ 47 ಮಿ.ಮೀ. ಏರಿಸಬಹುದು. ಸೂಪರ್ ಆಂಗ್ಯುಲಾನ್ 75 ಮಿ.ಮೀ. ಎಫ್ 5.6ರ ವೃತ್ತ 198 ಮಿ.ಮೀ. ಮಾತ್ರ ಇರುವುದರಿಂದ ಅಲ್ಲಿ 27ಕ್ಕೆ ನಿಲ್ಲಬೇಕಾಗುತ್ತದೆ.

ಗವಾನ್ ಮದರಸಾದ ಮಿನಾರು 131 ಅಡಿ, ಅಂದರೆ 40 ಮೀಟರು. ನಿಮ್ಮ ಕ್ಯಾಮೆರಾ ನೆಲದಿಂದ 1.6 ಮೀಟರು ಎತ್ತರದಲ್ಲಿದೆ ಎಂದುಕೊಂಡರೆ ಅದರಿಂದ ಮೇಲಕ್ಕೆ ಉಳಿಯುವುದು 38.4 ಮೀಟರು. ಇದರ ತುದಿಯನ್ನು ಚೌಕಟ್ಟಿನೊಳಗೆ ತರಲು 216ರ ವೃತ್ತದ 90ಕ್ಕೆ ಸುಮಾರು 36 ಮೀಟರು ದೂರ ಬೇಕು, 235ರ ವೃತ್ತದ 90ಕ್ಕೆ 32 ಮೀಟರು ಸಾಕು, ನೀವು ಆಸೆಪಟ್ಟ 75ಕ್ಕೆ 33 ಮೀಟರು ಬೇಕು. ಹೆಚ್ಚು ಅಗಲದ ಲೆನ್ಸ್ ಕೊಂಡು ಎತ್ತರದಲ್ಲಿ ನೀವು ಗಳಿಸುವುದು ಬಹುಮಟ್ಟಿಗೆ ಏನೂ ಇಲ್ಲ. ರೈಸ್ ಕೊಡದೆ ಬರೀ 90ರಲ್ಲಿ ತೆಗೆಯಹೋದರೆ 58 ಮೀಟರು ಹಿಂದೆ ಹೋಗಬೇಕು. ಏರಿಸುವ ಸೌಲಭ್ಯಕ್ಕೆ ಎಷ್ಟು ಬೆಲೆಯಿದೆ ಎಂಬುದು ಇದರಿಂದ ಗೊತ್ತಾಗುತ್ತದೆ.

ಒಂದು ಎಚ್ಚರಿಕೆ. ಹಳೆಯ ಆಂಗ್ಯುಲಾನ್ 90 ಮಿ.ಮೀ. ಎಫ್ 6.8 ಬೇರೆ, ಸೂಪರ್ ಆಂಗ್ಯುಲಾನ್ ಬೇರೆ. ಹಳೆಯದರ ವೃತ್ತ 154 ಮಿ.ಮೀ. ಅಷ್ಟೆ, 4×5ರ ಕರ್ಣವೇ 153 ಮಿ.ಮೀ. ಇರುವುದರಿಂದ ಅದರಲ್ಲಿ ರೈಸ್ ಎಂಬ ಮಾತೇ ಇಲ್ಲ. ನನಗೆ ಮೊದಲ ಸಲ ಮಾರಿದವರು ಎರಡೂ ಒಂದೇ ಎಂದು ಹೇಳಿದರು, ನಾನು ನಂಬಿದೆ, ನಾಲ್ಕು ಶೀಟ್ ತೊಳೆದು ನೋಡಿದಾಗ ನಾಲ್ಕರಲ್ಲಿಯೂ ಮೇಲಿನ ಮೂಲೆಗಳು ಖಾಲಿಯಾಗಿದ್ದವು. ರೋಡೆನ್‌ಸ್ಟಾಕ್ ಗ್ರಾಂಡಗಾನ್-ಎನ್ 90 ಕೂಡ ಎಫ್ 6.8ರದೇ, ಆದರೆ ಅದರ ವೃತ್ತ 221 ಮಿ.ಮೀ. ಆದ್ದರಿಂದ ಎಫ್ ಸಂಖ್ಯೆ ನೋಡಿ ಮೋಸಹೋಗಬೇಡಿ, ಲೆನ್ಸಿನ ಪೂರ್ತಿ ಹೆಸರನ್ನು ಓದಿರಿ.

ಉತ್ತರ 2 (ಕಲಬುರಗಿಯಿಂದ)

ಬೀದರಿನ ಸರ್ ಅವರ ಲೆಕ್ಕ ಮಿನಾರಿಗೆ ಸರಿ. ಆದರೆ ಪ್ರಶ್ನೆ ಕೇಳಿದವರ ಮೊದಲ ತೊಂದರೆ ಮಸೀದಿಯ ಒಳಗಿನದು, ಅಲ್ಲಿ ಎತ್ತರಕ್ಕಿಂತ ಅಗಲದ ಕೊರತೆಯೇ ಹೆಚ್ಚು. ನಾನು ಅಲ್ಲಿ 75 ಮತ್ತು 90 ಎರಡರಲ್ಲಿಯೂ ಕೆಲಸ ಮಾಡಿದ್ದೇನೆ. ಫಿಲಂ ಅಡ್ಡಡ್ಡ ಹಾಕಿದಾಗ 90 ಸುಮಾರು 67 ಡಿಗ್ರಿ ಅಗಲವನ್ನು ನೋಡುತ್ತದೆ, 75 ಸುಮಾರು 77 ಡಿಗ್ರಿಯನ್ನು ನೋಡುತ್ತದೆ. ಎಂಟು ಮೀಟರು ಅಗಲವನ್ನು ಹಿಡಿಯಲು 90ಕ್ಕೆ ಆರು ಮೀಟರು ದೂರ ಬೇಕಾದರೆ 75ಕ್ಕೆ ಐದು ಸಾಕು. ಬಯಲಿನಲ್ಲಿ ಒಂದು ಮೀಟರು ಲೆಕ್ಕಕ್ಕೇ ಬರುವುದಿಲ್ಲ. ಬೆನ್ನು ಕಂಬಕ್ಕೆ ತಾಗಿದ ಮೇಲೆ ಆ ಒಂದು ಮೀಟರನ್ನು ತರಲು ಬೇರೆ ದಾರಿಯಿಲ್ಲ.

ಹೀಗಿದ್ದರೂ ಒಂದೇ ಲೆನ್ಸ್ ಎಂದರೆ ನಾನು 90ನ್ನೇ ಹೇಳುತ್ತೇನೆ. ಕಾರಣ ಅಂಚಿನ ಎಳೆತ. ಲೆನ್ಸ್ ಎಷ್ಟೇ ಚೆನ್ನಾಗಿರಲಿ, ಚಪ್ಪಟೆ ಫಿಲಂ ಮೇಲೆ ಓರೆಯಾಗಿ ಬಿದ್ದ ಬಿಂಬ ಅಂಚಿನ ಕಡೆಗೆ ಹಿಗ್ಗುತ್ತದೆ. ಚೌಕಟ್ಟಿನ ಎಡಬಲ ಅಂಚಿನಲ್ಲಿರುವ ಗುಂಡಾದ ವಸ್ತು 90ರಲ್ಲಿ ಎತ್ತರಕ್ಕಿಂತ ಐದರಲ್ಲೊಂದು ಪಾಲಿನಷ್ಟು ಹೆಚ್ಚು ಅಗಲವಾಗಿ ಕಾಣುತ್ತದೆ, 75ರಲ್ಲಿ ನಾಲ್ಕರಲ್ಲೊಂದು ಪಾಲನ್ನೂ ಮೀರುತ್ತದೆ. ಜಾಮಿ ಮಸೀದಿಯ ಕಮಾನುಗಳ ಸೊಗಸೆಲ್ಲ ಒಂದರಂತೆ ಇನ್ನೊಂದು ಸಾಲಾಗಿ ಹೋಗುವುದರಲ್ಲಿದೆ. ಅಂಚಿನ ಕಮಾನು ನಡುವಿನದಕ್ಕಿಂತ ದಪ್ಪವಾಗಿ ಕಂಡರೆ ನೋಡುವವರ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ, ಕಟ್ಟಿದವರ ಅಳತೆಗೆ ನಾವು ಅನ್ಯಾಯ ಮಾಡಿದಂತಾಗುತ್ತದೆ. ಇದು ನನ್ನ ಅಭಿಪ್ರಾಯ, ಒಪ್ಪದವರೂ ಇರಬಹುದು. ಸಾಲಿನ ಉದ್ದಕ್ಕೆ ಮುಖಮಾಡಿ ನಿಂತು, ಕಮಾನಿನೊಳಗೆ ಕಮಾನು ಕಾಣುವಂತೆ ತೆಗೆದರೆ 90 ಎಲ್ಲಿಯೂ ಸಾಲದು ಎನಿಸುವುದಿಲ್ಲ.

ಸೆಂಟರ್ ಫಿಲ್ಟರ್ ಈಗಲೇ ಬೇಡ. ಈ ಬಗೆಯ ಲೆನ್ಸುಗಳಲ್ಲಿ 90 ಮಿ.ಮೀ.ಗೆ ರೈಸ್ ಇಲ್ಲದಾಗ ಮೂಲೆಗಳಲ್ಲಿ ಬೆಳಕು ಒಂದು ಸ್ಟಾಪನ್ನು (ಒಂದು ಸ್ಟಾಪ್ ಎಂದರೆ ಬೆಳಕು ಅರ್ಧವಾಗುವುದು) ತುಸು ಮೀರಿ ಕುಗ್ಗುತ್ತದೆ, ಪೂರ್ತಿ ಏರಿಸಿದಾಗ ಮೇಲಿನ ಮೂಲೆಗಳಲ್ಲಿ ಎರಡು ಸ್ಟಾಪಿನ ಹತ್ತಿರ ಬರುತ್ತದೆ. ಕಪ್ಪು-ಬಿಳುಪಿನಲ್ಲಿ ಇದನ್ನು ಪ್ರಿಂಟ್ ಮಾಡುವಾಗ ಕೈಯಿಂದ ಮರೆಹಿಡಿದು ಸರಿಪಡಿಸಬಹುದು, ಮೇಲಿನ ಆಕಾಶ ತುಸು ಕಂದಿದರೆ ಮಿನಾರಿಗೆ ಒಳ್ಳೆಯದೇ ಆಗುತ್ತದೆ. ಫಿಲ್ಟರ್ ಹಾಕಿದರೆ ಒಂದೂವರೆ ಸ್ಟಾಪ್ ಬೆಳಕು ಹೋಗುತ್ತದೆ, ಮಸೀದಿಯ ಒಳಗೆ ಅಷ್ಟು ಬೆಳಕನ್ನು ಬಿಟ್ಟುಕೊಡುವ ಸ್ಥಿತಿಯಲ್ಲಿ ನಾವಿರುವುದಿಲ್ಲ. ಕಲರ್ ಸ್ಲೈಡ್ ಫಿಲಂ ಹಾಕುವವರ ಮಾತು ಬೇರೆ.

ಉತ್ತರ 3 (ಯಾದಗಿರಿಯಿಂದ)

ಎಫ್ 8 ಮತ್ತು ಎಫ್ 5.6ರ ಬಗ್ಗೆ ಯಾರೂ ಹೇಳಲಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ಚಿತ್ರ ತೆಗೆಯುವಾಗ ಎರಡನ್ನೂ ಎಫ್ 22ಕ್ಕೆ ಇಳಿಸುತ್ತೇವೆ, ಆಗ ಎರಡರ ಎಕ್ಸ್‌ಪೋಶರ್ ಒಂದೇ. ದೊಡ್ಡ ಅಪರ್ಚರಿನಿಂದ ಸಿಗುವ ಲಾಭವೆಂದರೆ ಫೋಕಸ್ ಮಾಡುವಾಗ ಗ್ರೌಂಡ್ ಗ್ಲಾಸ್ ಒಂದು ಸ್ಟಾಪ್ ಬೆಳ್ಳಗಿರುವುದು. ಕತ್ತಲೆಯಲ್ಲಿ ಅದು ಸಣ್ಣ ಲಾಭವೇನೂ ಅಲ್ಲ, ಆದರೆ ಅದಕ್ಕೊಂದು ಉಪಾಯವಿದೆ. ಎರಡು ಸಣ್ಣ ಟಾರ್ಚುಗಳನ್ನು ಹೊತ್ತಿಸಿ, ಹತ್ತಿರದ ಕಂಬದ ಬುಡದಲ್ಲಿ ಒಂದನ್ನು, ದೂರದ ಕಂಬದ ಬುಡದಲ್ಲಿ ಇನ್ನೊಂದನ್ನು ಕ್ಯಾಮೆರಾದ ಕಡೆಗೆ ಮುಖಮಾಡಿ ಇಡಿರಿ. ಕಪ್ಪು ಬಟ್ಟೆಯೊಳಗೆ ಲೂಪ್ (ಭೂತಗನ್ನಡಿ) ಹಿಡಿದು ನೋಡಿದರೆ ಆ ಬೆಳಕಿನ ಚುಕ್ಕೆಗಳು ಎಫ್ 8ರಲ್ಲಿಯೂ ಸೂಜಿಮೊನೆಯಂತೆ ಕಾಣುತ್ತವೆ. 90 ಮಿ.ಮೀ. ಲೆನ್ಸನ್ನು ಎಫ್ 22ರಲ್ಲಿ ಸುಮಾರು 3.8 ಮೀಟರಿಗೆ ಫೋಕಸ್ ಮಾಡಿದರೆ ಎರಡು ಮೀಟರಿನಿಂದ ಅನಂತದವರೆಗೆ ಸ್ಪಷ್ಟತೆ ಸಿಗುತ್ತದೆ, ಆದ್ದರಿಂದ ಹೆದರುವ ಕಾರಣವಿಲ್ಲ. ತುಟ್ಟಿಯ ಲೆನ್ಸಿಗೆ ಹಾಕುವ ಹಣವನ್ನು ಫಿಲಂಗೆ ಉಳಿಸಿಕೊಳ್ಳಿರಿ.

ಫಿಲಂ ಎಂದ ಕೂಡಲೆ ಒಂದು ಮಾತು. ಹೆಚ್ಚು ಹೊತ್ತಿನ ಎಕ್ಸ್‌ಪೋಶರಿನಲ್ಲಿ ಫಿಲಂ ಮಂದವಾಗುವುದರಿಂದ, ಒಳಗೆ ಇಲ್‌ಫರ್ಡ್ ಕಂಪನಿಯ ಎಫ್‌ಪಿ4 ಪ್ಲಸ್ ಫಿಲಂಗೆ ಮೀಟರ್ 30 ಸೆಕೆಂಡ್ ತೋರಿಸಿದರೆ ಆ ಕಂಪನಿ ಕೊಟ್ಟಿರುವ ಸೂತ್ರದಂತೆ 73 ಸೆಕೆಂಡ್ ಕೊಡಬೇಕಾಗುತ್ತದೆ. ಅದೇ ಬೆಳಕಿನಲ್ಲಿ ಅದಕ್ಕಿಂತ ವೇಗದ ಎಚ್‌ಪಿ5 ಪ್ಲಸ್‌ಗೆ ಸುಮಾರು 19 ಸೆಕೆಂಡ್ ಸಾಕು. ಜನ ಓಡಾಡುವ ಜಾಗದಲ್ಲಿ ಇದು ಉಪಯೋಗಕ್ಕೆ ಬರುತ್ತದೆ.

ಇದೆಲ್ಲಕ್ಕಿಂತ ಮುಖ್ಯವಾದದ್ದು ನಿಮ್ಮ ಕ್ಯಾಮೆರಾ. ಲೆನ್ಸಿನ ವೃತ್ತ 235 ಇದ್ದರೇನು, ಕ್ಯಾಮೆರಾ ಅಷ್ಟು ಏರದಿದ್ದರೆ ಅದು ವ್ಯರ್ಥ. 90 ಮಿ.ಮೀ. ಲೆನ್ಸಿಗೆ ಲೆನ್ಸ್ ಹಿಡಿಯುವ ಮುಂದಿನ ಚೌಕಟ್ಟು, ಫಿಲಂ ಹಿಡಿಯುವ ಹಿಂದಿನ ಚೌಕಟ್ಟು ಬಹಳ ಹತ್ತಿರ ಬರುತ್ತವೆ, ಅವುಗಳ ನಡುವಿನ ಮಡಿಕೆಯ ಬೆಲ್ಲೋಸ್ ಬಿಗಿದುಕೊಂಡು ಲೆನ್ಸನ್ನು ಮೇಲಕ್ಕೆ ಬಿಡುವುದಿಲ್ಲ. ಚೀಲದಂಥ ಬ್ಯಾಗ್ ಬೆಲ್ಲೋಸ್ ಹಾಕಲು ಬರುವ ಕ್ಯಾಮೆರಾಗಳಲ್ಲಿ ಈ ತೊಂದರೆಯಿಲ್ಲ. ಲೆನ್ಸ್ ಕೊಳ್ಳುವ ಮೊದಲೇ ಪರೀಕ್ಷಿಸಬಹುದು: ಖಾಲಿ ಲೆನ್ಸ್ ಬೋರ್ಡ್ ಹಾಕಿ, ಗ್ರೌಂಡ್ ಗ್ಲಾಸಿನಿಂದ ಬೋರ್ಡಿಗೆ ಸುಮಾರು 95 ಮಿ.ಮೀ. ಅಂತರ ಬರುವಂತೆ ನಿಲ್ಲಿಸಿ, ಎಷ್ಟು ಏರುತ್ತದೆ ಎಂದು ಸ್ಕೇಲಿನಿಂದ ಅಳೆಯಿರಿ. ಮುಂದಿನ ಚೌಕಟ್ಟು ತನ್ನ ಏರಿಕೆಯ ಮಿತಿ ಮುಗಿದು ನಿಂತರೆ ಇನ್ನೊಂದು ದಾರಿಯಿದೆ. ಕ್ಯಾಮೆರಾದ ಹಾಸನ್ನೇ (ಚೌಕಟ್ಟುಗಳು ನಿಲ್ಲುವ ತಳಹಲಗೆಯನ್ನೇ) ಮೇಲಕ್ಕೆ ಓರೆಮಾಡಿ, ಆಮೇಲೆ ಮುಂದಿನ ಹಿಂದಿನ ಎರಡೂ ಚೌಕಟ್ಟುಗಳನ್ನು ಮಟ್ಟದ ಗುಳ್ಳೆ ನೋಡಿಕೊಂಡು ನೆಟ್ಟಗೆ ನಿಲ್ಲಿಸಿದರೆ ಇನ್ನಷ್ಟು ರೈಸ್ ಸಿಗುತ್ತದೆ.

ನಿಕ್ಕಾರ್ ಮಾಡುತ್ತಿದ್ದ ನಿಕಾನ್ 2006ರಲ್ಲಿಯೇ ಈ ಬಗೆಯ ಲೆನ್ಸುಗಳ ತಯಾರಿಕೆಯನ್ನು ನಿಲ್ಲಿಸಿದ್ದರಿಂದ ನಿಮಗೆ ಸಿಗುವುದು ಸೆಕೆಂಡ್ ಹ್ಯಾಂಡ್. ಶಟರಿನ ಒಂದು ಸೆಕೆಂಡ್, ಅರ್ಧ ಸೆಕೆಂಡ್ ವೇಗಗಳ ವಿಡಿಯೊ ಕಳುಹಿಸಲು ಮಾರುವವರನ್ನು ಕೇಳಿರಿ. ಷ್ನೈಡರ್ ಲೆನ್ಸುಗಳ ಒಳ ಅಂಚಿನಲ್ಲಿ ಬಿಳಿ ಚುಕ್ಕೆಗಳು ಕಂಡರೆ ಅದು ಬಣ್ಣ ಬಿಟ್ಟದ್ದು, ಚಿತ್ರಕ್ಕೆ ತೊಂದರೆಯಿಲ್ಲ. ಬೇರಿನಂತೆ ಹಬ್ಬಿದ ಬೂಷ್ಟು ಕಂಡರೆ ಬಿಟ್ಟುಬಿಡಿರಿ.

ಪ್ರಶ್ನೆ ಕೇಳಿದವರಿಂದ

ತಾವೆಲ್ಲರೂ ಇಷ್ಟು ವಿವರವಾಗಿ ಬರೆದದ್ದಕ್ಕೆ ಋಣಿಯಾಗಿದ್ದೇನೆ. ಯಾದಗಿರಿಯ ಸರ್ ಹೇಳಿದಂತೆ ನಿನ್ನೆ ರಾತ್ರಿ ಖಾಲಿ ಬೋರ್ಡ್ ಹಾಕಿ ಅಳೆದೆ. ಮುಂದಿನ ಚೌಕಟ್ಟು 28 ಮಿ.ಮೀ.ಗೆ ನಿಂತಿತು, ಬೆಲ್ಲೋಸ್ ಆಗ ಇನ್ನೂ ಸಡಿಲವಾಗಿತ್ತು. ಹಾಸನ್ನು ಓರೆಮಾಡಿ ಎರಡೂ ಚೌಕಟ್ಟುಗಳನ್ನು ನೆಟ್ಟಗೆ ಮಾಡಿದ ಮೇಲೆ 35ರವರೆಗೆ ಹೋಯಿತು, ಅಲ್ಲಿ ಬೆಲ್ಲೋಸ್ ಬಿಗಿಯಿತು. ಎಂದರೆ 235ರ ವೃತ್ತವನ್ನು ಕೊಂಡರೂ ನನ್ನ ಕ್ಯಾಮೆರಾ ಅದನ್ನು ಬಳಸಲಾರದು. 216ರ ವೃತ್ತ ಕೊಡುವ 37 ಮಿ.ಮೀ. ನನಗೆ ಸಾಕು. ಬೀದರಿನ ಸರ್ ಅವರ ಲೆಕ್ಕದಲ್ಲಿ 35ನ್ನು ಇಟ್ಟು ನೋಡಿದರೆ ಮಿನಾರಿನ ಬುಡದಿಂದ ಸುಮಾರು 36 ಮೀಟರು ದೂರ ನಿಲ್ಲಬೇಕು.

ಸೂಪರ್ ಆಂಗ್ಯುಲಾನ್ 90 ಮಿ.ಮೀ. ಎಫ್ 8, ಇಲ್ಲವೇ ಅಷ್ಟೇ ವೃತ್ತವಿರುವ ಫುಜಿನಾನ್ ಎಸ್‌ಡಬ್ಲ್ಯೂ 90 ಮಿ.ಮೀ. ಎಫ್ 8, ಯಾವುದು ಒಳ್ಳೆಯ ಸ್ಥಿತಿಯಲ್ಲಿ ಮೊದಲು ಸಿಗುತ್ತದೋ ಅದನ್ನು ತೆಗೆದುಕೊಳ್ಳುತ್ತೇನೆ. ಸ್ಮಾರಕಗಳಲ್ಲಿ ಟ್ರೈಪಾಡ್ ನಿಲ್ಲಿಸಲು ಬೇಕಾದ ಅನುಮತಿಗೆ ಅರ್ಜಿ ಬರೆದಿಟ್ಟಿದ್ದೇನೆ. ಬರುವ ಭಾನುವಾರ ಅಳತೆಯ ಟೇಪು ಹಿಡಿದುಕೊಂಡು ಬೀದರಿಗೆ ಹೋಗಿ, ಆ 36 ಮೀಟರು ಎಲ್ಲಿಗೆ ಬರುತ್ತದೆ, ಅಲ್ಲಿಂದ ಮಿನಾರಿಗೆ ಅಡ್ಡವಾಗಿ ಕಂಬ, ತಂತಿ, ಮರ ಏನಾದರೂ ಇದೆಯೇ ಎಂದು ನೋಡಿಕೊಂಡು ಬರುತ್ತೇನೆ.